ಬೇಸಿಗೆ ಬಂತು, ಎಫ್‌ಪಿಎಸ್ ಬಿತ್ತು

ಗೇಮ್ ಸ್ಲೋ ಆಗಿದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳೋದು, ಯಾವ ಥರ ಸ್ಲೋ ಅಂತ. ಶುರುವಿನಿಂದಲೇ ಎಫ್‌ಪಿಎಸ್ (ಸೆಕೆಂಡಿಗೆ ಪರದೆ ಮೇಲೆ ಬರೋ ಚಿತ್ರಗಳ ಲೆಕ್ಕ) ಕಡಿಮೆ ಇದೆಯಾ? ಚೆನ್ನಾಗಿ ಓಡ್ತಾ ಇದ್ದು ಸ್ವಲ್ಪ ಹೊತ್ತಾದ ಮೇಲೆ ಬೀಳುತ್ತಾ? ಇಲ್ಲಾ ನಂಬರ್ ಚೆನ್ನಾಗೇ ಕಾಣ್ತಾ ಇದ್ದರೂ ನಡುನಡುವೆ ಗಕ್ಕನೆ ನಿಂತು ಮುಂದಕ್ಕೆ ಹೋಗುತ್ತಾ? ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಆದರೆ ಕೇಳಿದವರಿಗೆಲ್ಲ ಸಿಗೋ ಉತ್ತರ ಮಾತ್ರ ಒಂದೇ: "ಕಾರ್ಡ್ ಹಳೇದಾಗ್ಯಾದ್ರಿ, ಹೊಸದು ಹಾಕಸ್ರಿ."

ಹೊಸ ಗ್ರಾಫಿಕ್ಸ್ ಕಾರ್ಡ್ ಅಂದರೆ ಸಾವಿರಾರು ರೂಪಾಯಿ ಮಾತು. ಅಷ್ಟು ಕೊಟ್ಟು ತಂದು ಹಾಕಿದ ಮೇಲೂ ಗೇಮ್ ಹಾಗೇ ಎಳೆದಾಡಿದರೆ ಯಾರನ್ನ ಕೇಳೋದು? ಅದಕ್ಕೇ ಕಾರ್ಡ್ ಮೇಲೆ ತಪ್ಪು ಹೊರಿಸೋ ಮುಂಚೆ ಒಮ್ಮೆ ಅಳೆದು ನೋಡಿ. ಕಲಬುರಗಿ, ಯಾದಗಿರಿ ಕಡೆಯವರಾದರೆ ಮೊದಲು ಬಿಸಿ ಅಳೆಯಿರಿ. ಉಳಿದದ್ದೆಲ್ಲ ಆಮೇಲೆ.

ನನ್ನದು ಭಾರೀ ಪಿಸಿ ಏನಲ್ಲ. ಐ5-10400ಎಫ್ ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಕಾರ್ಡ್, 16 ಜಿಬಿ ರ್‍ಯಾಮ್, 1080ಪಿ ಮಾನಿಟರ್, ಅಷ್ಟೇ. ಕಾರ್ಡ್ 2019ರಲ್ಲಿ ಮಾರುಕಟ್ಟೆಗೆ ಬಂದದ್ದು, ಪ್ರೊಸೆಸರ್ 2020ರದ್ದು. ಜಾಸ್ತಿ ಆಡೋದು ಜಿಟಿಎ 5, ಅದೂ 2015ರಲ್ಲಿ ಪಿಸಿಗೆ ಬಂದ ಹಳೇ ಆವೃತ್ತಿ. ಆ ಗೇಮ್‌ಗೆ ಈ ಪಿಸಿ ಬೇಕಾದಷ್ಟಾಯಿತು. ಚಳಿಗಾಲದಲ್ಲಿ ಗೇಮ್‌ನ ಸಿಟಿ ಒಳಗೆ ಕಾರು ಓಡಿಸುವಾಗ 85ರ ಆಸುಪಾಸು ಎಫ್‌ಪಿಎಸ್ ಬರ್ತಾ ಇತ್ತು. ಮಾರ್ಚ್ ಕಳೆದು ಬಿಸಿಲು ಏರಿದ ಹಾಗೆ ಬೇರೆಯೇ ಆಟ ಶುರುವಾಯಿತು. ಮೊದಲ ಸ್ವಲ್ಪ ಹೊತ್ತು ಎಲ್ಲ ಸರಿ. ಆಮೇಲೆ 40ಕ್ಕೆ ಇಳಿಯುತ್ತೆ, ಕೆಲ ಸೆಕೆಂಡ್ ಅಲ್ಲೇ ಒದ್ದಾಡುತ್ತೆ, ಮತ್ತೆ 80ಕ್ಕೆ ಏರುತ್ತೆ, ಮತ್ತೆ ಇಳಿಯುತ್ತೆ. ಇದರ ಜೊತೆಗೆ ಕಾರು ಜೋರಾಗಿ ಓಡಿಸುವಾಗ ಆಗಾಗ ಒಂದು ಚಿಕ್ಕ ಝಟಕಾ. ಎರಡೂ ಒಂದೇ ತೊಂದರೆ ಅಂತ ಯಾರಿಗಾದರೂ ಅನ್ನಿಸಬೇಕು, ಆದರೆ ಎರಡಕ್ಕೂ ಸಂಬಂಧವೇ ಇರಲಿಲ್ಲ. ಅದು ಮುಂದೆ ಬರುತ್ತೆ.

ಮೊದಲು ಅಳತೆಯ ವಿಷಯ. ಪರದೆ ಮೂಲೆಯಲ್ಲಿ ಕಾಣೋ ಎಫ್‌ಪಿಎಸ್ ನಂಬರ್ ಒಂದನ್ನೇ ನಂಬಿದರೆ ಕೆಲಸ ಕೆಡುತ್ತೆ. ಅದು ಸರಾಸರಿ. ಕಲಬುರಗಿಯಿಂದ ಹುಮನಾಬಾದ್‌ಗೆ ಹೋಗೋ ಬಸ್ಸಿನ ಸರಾಸರಿ ವೇಗ ಹೇಳಿದರೆ, ಕಮಲಾಪುರದಲ್ಲಿ ಡ್ರೈವರ್ ಚಹಾಕ್ಕೆ ಇಳಿದು ಹೋಗಿ ನಾವು ಒಳಗೆ ಬೆವರಿಳಿಸುತ್ತಾ ಕೂತದ್ದು ಅದರಲ್ಲಿ ಕಾಣುತ್ತಾ? ಇಲ್ಲ ಅಲ್ವಾ. ಹಾಗೇ ಇದು. ನೋಡಬೇಕಾದ್ದು ಫ್ರೇಮ್ ಟೈಮ್, ಅಂದರೆ ಒಂದೊಂದು ಚಿತ್ರ ತಯಾರಾಗಿ ಬರೋಕೆ ಎಷ್ಟು ಮಿಲಿಸೆಕೆಂಡ್ ಆಯಿತು ಅನ್ನೋದು. 60 ಎಫ್‌ಪಿಎಸ್ ಅಂದರೆ ಪ್ರತಿ ಫ್ರೇಮ್‌ಗೆ 16.7 ಮಿಲಿಸೆಕೆಂಡ್, 30 ಅಂದರೆ 33.3. ಒಂದು ಸೆಕೆಂಡಿನಲ್ಲಿ ಐವತ್ನಾಲ್ಕು ಫ್ರೇಮ್ ಸರಿಯಾಗಿ ಬಂದು ಒಂದೇ ಒಂದು ಫ್ರೇಮ್ 100 ಮಿಲಿಸೆಕೆಂಡ್ ತಗೊಂಡರೂ ಕಣ್ಣಿಗೆ ಗೊತ್ತಾಗುತ್ತೆ, ಎಫ್‌ಪಿಎಸ್ ನಂಬರ್ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಕೂತಿರುತ್ತೆ. ಫ್ರೇಮ್ ಟೈಮ್ ಗೆರೆ ನೇರವಾಗಿದ್ದರೆ 50 ಎಫ್‌ಪಿಎಸ್‌ನಲ್ಲೂ ಆಡಬಹುದು. ಗೆರೆ ಮೇಲೆ ಕೆಳಗೆ ಹಾರ್ತಾ ಇದ್ದರೆ 90 ಇದ್ದರೂ ತಲೆನೋವು.

ಇದನ್ನ ನೋಡೋಕೆ ದುಡ್ಡೇನೂ ಬೇಡ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನೋ ಪ್ರೋಗ್ರಾಂ ಹಾಕಿಕೊಳ್ಳಿ, ಅದರ ಜೊತೆಗೆ ರಿವಾಟ್ಯೂನರ್ ಅನ್ನೋದೂ ಬರುತ್ತೆ. ಕಾರ್ಡ್ ಯಾವ ಕಂಪನಿದಾದರೂ ನಡೆಯುತ್ತೆ. ಅದರಲ್ಲಿ ಮಾನಿಟರಿಂಗ್ ಅನ್ನೋ ಕಡೆ ಹೋಗಿ ಇಷ್ಟನ್ನ ಪರದೆ ಮೇಲೆ ತೋರಿಸೋ ಹಾಗೆ ಮಾಡಿ: ಜಿಪಿಯು (ಅಂದರೆ ಕಾರ್ಡ್) ಬಳಕೆ, ಜಿಪಿಯು ಬಿಸಿ, ವಿಡಿಯೊ ಮೆಮೊರಿ (ಕಾರ್ಡಿನ ಸ್ವಂತ ಮೆಮೊರಿ), ಸಿಪಿಯು (ಅಂದರೆ ಪ್ರೊಸೆಸರ್) ಬಿಸಿ, ಸಿಪಿಯು ಕ್ಲಾಕ್ (ಅದರ ವೇಗ), ರ್‍ಯಾಮ್ ಬಳಕೆ, ಫ್ರೇಮ್ ಟೈಮ್ ಗ್ರಾಫ್. ಬಹಳ ಜನ ಎಫ್‌ಪಿಎಸ್ ಮತ್ತು ಜಿಪಿಯು ಬಿಸಿ ಎರಡೇ ಹಾಕಿಕೊಂಡು ಕೂರ್ತಾರೆ. ಸಿಪಿಯು ಕ್ಲಾಕ್ ಬಿಟ್ಟರೆ ನನ್ನಂಥ ಕೇಸಿನಲ್ಲಿ ಏನೂ ಸಿಗೋದಿಲ್ಲ.

ಓದೋದು ಹೀಗೆ. ಜಿಪಿಯು ಬಳಕೆ ಶೇಕಡಾ 95ರ ಮೇಲೆ ಇದ್ದು ಎಫ್‌ಪಿಎಸ್ ಕಡಿಮೆ ಇದ್ದರೆ ಕಾರ್ಡ್ ತನ್ನ ಶಕ್ತಿ ಪೂರ್ತಿ ಹಾಕ್ತಾ ಇದೆ ಅಂತ ಅರ್ಥ. ಅದು ಕೆಟ್ಟದ್ದಲ್ಲ, ಸೆಟ್ಟಿಂಗ್ ಇಳಿಸಿದರೆ ಸರಿಯಾಗುತ್ತೆ. ಎಫ್‌ಪಿಎಸ್ ಕಡಿಮೆ ಇದ್ದೂ ಜಿಪಿಯು ಬಳಕೆ 50–60ರಲ್ಲಿ ತೂಕಡಿಸುತ್ತಿದ್ದರೆ ಕಾರ್ಡ್ ಸುಮ್ನೆ ಕೂತಿದೆ, ಅದಕ್ಕೆ ಕೆಲಸ ಕೊಡಬೇಕಾದ ಪ್ರೊಸೆಸರ್ ಹಿಂದೆ ಬಿದ್ದಿದೆ. ಅನುಮಾನ ಇದ್ದರೆ ರೆಸಲ್ಯೂಷನ್ ಅನ್ನು 720ಪಿಗೆ ಇಳಿಸಿ ನೋಡಿ. ಎಫ್‌ಪಿಎಸ್ ಜಿಗಿದು ಏರಿದರೆ ಭಾರ ಇದ್ದದ್ದು ಕಾರ್ಡ್ ಮೇಲೆ. ಇದ್ದಲ್ಲೇ ಇದ್ದರೆ ಪ್ರೊಸೆಸರ್ ಕಡೆ ತಿರುಗಿ. ಈ ಒಂದು ಪರೀಕ್ಷೆ ಮಾಡದೆ ಹೊಸ ಕಾರ್ಡ್ ತಂದವರನ್ನ ನೋಡಿ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತೆ.

ಜಿಟಿಎ 5ರಲ್ಲಿ ಇನ್ನೊಂದು ಅನುಕೂಲ, ಬೆಂಚ್‌ಮಾರ್ಕ್, ಅಂದರೆ ವೇಗ ಅಳೆಯೋ ಪರೀಕ್ಷೆ, ಗೇಮ್ ಒಳಗೇ ಇದೆ, ಗ್ರಾಫಿಕ್ಸ್ ಸೆಟ್ಟಿಂಗ್ ಪುಟದಿಂದಲೇ ಓಡಿಸಬಹುದು. ಕೊನೆಯ ಭಾಗದಲ್ಲಿ ಜೆಟ್ ವಿಮಾನ ಹಾರಿ ಸಿಟಿಗೆ ಬಂದು ಆಮೇಲೆ ಕಾರು ರಸ್ತೆಯಲ್ಲಿ ನುಗ್ಗುತ್ತಲ್ಲ, ಅದೇ ಪ್ರೊಸೆಸರ್‌ಗೆ ಕಷ್ಟದ ಜಾಗ. ಪ್ರತಿ ಸಲ ಅದೇ ದಾರಿ, ಆದ್ದರಿಂದ ಏನಾದರೂ ಬದಲಿಸಿದ ಮೇಲೆ ಹೋಲಿಸಿ ನೋಡೋಕೆ ಬರುತ್ತೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಡ್ರೈವರ್ (ಕಾರ್ಡ್ ನಡೆಸೋ ಸಾಫ್ಟ್‌ವೇರ್), ಬಯಾಸ್ (ಮದರ್‌ಬೋರ್ಡಿನ ಒಳಗಿನ ಸಾಫ್ಟ್‌ವೇರ್), ಸೆಟ್ಟಿಂಗ್ ಎಲ್ಲ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ದೇವರಿಗೂ ಗೊತ್ತಾಗಲ್ಲ.

ನನ್ನ ಪರದೆ ಮೇಲೆ ಕಂಡದ್ದು ಸ್ಪಷ್ಟವಾಗಿತ್ತು. ಎಫ್‌ಪಿಎಸ್ ಬೀಳುವಾಗ ಜಿಪಿಯು ಬಳಕೆ ಅರ್ಧಕ್ಕೆ ಇಳಿಯುತ್ತೆ, ಕಾರ್ಡ್ ಬಿಸಿ 78ರ ಹತ್ತಿರ, ಅದರಲ್ಲಿ ಗಾಬರಿ ಪಡೋದೇನಿಲ್ಲ. ಸಿಪಿಯು ಬಿಸಿ ಮಾತ್ರ 100. ಅದೇ ಹೊತ್ತಿಗೆ ಕ್ಲಾಕ್ 4 ಗಿಗಾಹರ್ಟ್ಸ್‌ನಿಂದ 2ರ ಹತ್ತಿರಕ್ಕೆ ಕುಸಿಯುತ್ತೆ. ಈ ಪ್ರೊಸೆಸರ್‌ಗೆ 100 ಡಿಗ್ರಿಯೇ ಗಡಿ. ಅಲ್ಲಿಗೆ ಮುಟ್ಟಿದರೆ ಸುಟ್ಟುಕೊಳ್ಳೋ ಬದಲು ತಾನೇ ವೇಗ ಇಳಿಸಿಕೊಳ್ಳುತ್ತೆ, ಸ್ವಲ್ಪ ತಣ್ಣಗಾದ ಮೇಲೆ ಮತ್ತೆ ಏರಿಸುತ್ತೆ, ಏರಿಸಿದ ಕೂಡಲೇ ಮತ್ತೆ ಬಿಸಿ. ಥರ್ಮಲ್ ಥ್ರಾಟ್ಲಿಂಗ್ ಅನ್ನೋದು ಇದನ್ನೇ. ಎಫ್‌ಪಿಎಸ್ ಅಲೆ ಥರ ಏರಿಳಿಯುತ್ತಿದ್ದದ್ದು ಇದಕ್ಕೇ. ಇನ್ನೂ ಖಾತ್ರಿ ಬೇಕಾದರೆ ಎಚ್‌ಡಬ್ಲ್ಯುಇನ್ಫೋ ಅನ್ನೋ ಪ್ರೋಗ್ರಾಂ ಹಿಂದೆ ಓಡಿಸಿಟ್ಟು ಗೇಮ್ ಆಡಿ. ಆಡಿ ಬಂದ ಮೇಲೆ ಅದರಲ್ಲಿ ಥರ್ಮಲ್ ಥ್ರಾಟ್ಲಿಂಗ್ ಸಾಲಿನ ಮುಂದೆ ಯೆಸ್ ಅಂತ ಇದ್ದರೆ ವಾದ ಮುಗೀತು.

ಈಗ ನಮ್ಮೂರ ಬಿಸಿಲಿನ ಮಾತು. ಯೂಟ್ಯೂಬ್‌ನಲ್ಲಿ ಪ್ರೊಸೆಸರ್ ಕೂಲರ್ ಟೆಸ್ಟ್ ಮಾಡಿ ತೋರಿಸೋರು ಇರೋದು 22–25 ಡಿಗ್ರಿಯ ಎಸಿ ಕೋಣೆಯಲ್ಲಿ. ಅವರ 65 ಡಿಗ್ರಿ ನಮ್ಮ 65 ಅಲ್ಲ. ಕೂಲರ್ ಮಾಡೋ ಕೆಲಸ ಏನು? ಪ್ರೊಸೆಸರ್ ಬಿಸಿಯನ್ನ ಕೋಣೆಯ ಗಾಳಿಗೆ ಸಾಗಿಸೋದು. ಕೋಣೆಯ ಗಾಳಿಗಿಂತ ತಣ್ಣಗೆ ಅದು ಯಾವ ಕಾಲಕ್ಕೂ ಮಾಡಲಾರದು. ಕೋಣೆ ಎಷ್ಟು ಡಿಗ್ರಿ ಏರುತ್ತೋ ಪ್ರೊಸೆಸರ್ ಕೂಡ ಹೆಚ್ಚು ಕಡಿಮೆ ಅಷ್ಟೇ ಏರುತ್ತೆ. ನನ್ನ ಲೆಕ್ಕ ನೋಡಿ. ಜನವರಿಯಲ್ಲಿ ಕೋಣೆ 24 ಇದ್ದಾಗ ಸಿಪಿಯು 88ಕ್ಕೆ ಹೋಗ್ತಾ ಇತ್ತು. ಅಂದರೆ ಕೋಣೆಗಿಂತ 64 ಜಾಸ್ತಿ. ಏಪ್ರಿಲ್ ಮಧ್ಯಾಹ್ನ ಸ್ಲ್ಯಾಬ್ ಕೆಳಗಿನ ಮಹಡಿ ಕೋಣೆ 38 ಆಗಿರುತ್ತೆ. 38ಕ್ಕೆ 64 ಕೂಡಿಸಿ. 102. ಗಡಿ 100. ಪಿಸಿ ಚಳಿಗಾಲದಲ್ಲೂ ಸರಿ ಇರಲಿಲ್ಲ, ಬಿಸಿಲು ಬಂದು ಅದನ್ನ ಬಯಲು ಮಾಡಿತು ಅಷ್ಟೇ. ಹೊರಗೆ 42–43 ಡಿಗ್ರಿ ಇರುತ್ತೆ ಅಂತ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆವರೆಗೆ ಕೆಲಸ ಮಾಡ್ತವೆ. ಪಿಸಿಗೆ ಮಾತ್ರ ಮಧ್ಯಾಹ್ನ ಮೂರಕ್ಕೆ ಡ್ಯೂಟಿ ಹಾಕಿ ನಾವು ಕೂರ್ತೀವಿ.

ಬಿಸಿ ಅಂತ ಗೊತ್ತಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ಕ್ಯಾಬಿನೆಟ್ ಒಳಗೆ ಗಾಳಿ ಆಡ್ತಾ ಇಲ್ಲವೋ, ಇಲ್ಲಾ ಕೂಲರೇ ಸರಿಯಾಗಿ ಕೂತಿಲ್ಲವೋ? ಇದಕ್ಕೆ ಸುಲಭದ ಪರೀಕ್ಷೆ: ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು, ಟೇಬಲ್ ಫ್ಯಾನ್ ಒಳಗೆ ಬೀಸೋ ಹಾಗಿಟ್ಟು, ಅದೇ ಬೆಂಚ್‌ಮಾರ್ಕ್ ಮತ್ತೆ ಓಡಿಸಿ. ಬಿಸಿ ಹತ್ತು ಹದಿನೈದು ಡಿಗ್ರಿ ಇಳಿದರೆ ತೊಂದರೆ ಗಾಳಿಯದ್ದು, ಫ್ಯಾನ್ ಹಾಕಿ, ಧೂಳು ತೆಗೆಯಿರಿ, ಕ್ಯಾಬಿನೆಟ್ ಅನ್ನು ಕಂಪ್ಯೂಟರ್ ಟೇಬಲ್‌ನ ಗೂಡಿನಿಂದ ಹೊರಗೆಳೆಯಿರಿ. (ಆ ಮರದ ಗೂಡು ಯಾರು ಕಂಡುಹಿಡಿದರೋ, ಹಿಂದೆ ಹಲಗೆ, ಪಕ್ಕದಲ್ಲಿ ಹಲಗೆ, ಬಿಸಿ ಗಾಳಿ ಹೊರಗೆ ಹೋಗಿ ಸುತ್ತು ಹೊಡೆದು ಮತ್ತೆ ಒಳಗೇ ಬರುತ್ತೆ.) ನನಗೆ ಇಳಿದದ್ದು ಎರಡು ಮೂರು ಡಿಗ್ರಿ ಮಾತ್ರ. ಹಾಗಾದರೆ ಗಾಳಿ ಅಲ್ಲ. ಪ್ರೊಸೆಸರ್‌ನಿಂದ ಕೂಲರ್‌ಗೇ ಬಿಸಿ ದಾಟ್ತಾ ಇಲ್ಲ.

ನಾನು ಇದನ್ನ ಮಾಡ್ತಾ ಇದ್ದಾಗ ಅಮ್ಮನದು ಒಂದೇ ಚಿಂತೆ. "ಅದರ ಬಾಗ್ಲಾ ಯಾಕ ತೆಗದಿಟ್ಟೀದಿ, ಹಲ್ಲಿ ಹೊಕ್ಕೀತು." ನಗಬೇಡಿ, ಹಲ್ಲಿ ಹೊಕ್ಕು ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಡಬ್ಬಿ) ಸುಟ್ಟ ಪಿಸಿ ನೋಡಿದ್ದೇನೆ. ಬಾಗಿಲು ತೆಗೆದಿಡೋದು ಪರೀಕ್ಷೆಗೆ ಮಾತ್ರ. ಬೇಸಿಗೆಯೆಲ್ಲ ಹಾಗೇ ಬಿಟ್ಟರೆ ಧೂಳು ದುಪ್ಪಟ್ಟು ಕೂರುತ್ತೆ.

ಪವರ್ ಬಂದ್ ಮಾಡಿ, ವೈರ್ ಕಿತ್ತು, ಒಳಗೆ ನೋಡಿದೆ. ಕೂಲರ್ ಪ್ರೊಸೆಸರ್ ಡಬ್ಬಿಯಲ್ಲೇ ಬಂದದ್ದು. ನಾಲ್ಕು ಮೂಲೆಗೆ ನಾಲ್ಕು ಪ್ಲಾಸ್ಟಿಕ್ ಪಿನ್ ಇರುತ್ತವಲ್ಲ, ಮದರ್‌ಬೋರ್ಡಿನ ತೂತಿಗೆ ಒತ್ತಿ ಕೂರಿಸೋದು, ಅದರಲ್ಲಿ ಒಂದು ಅರ್ಧ ಮೇಲೆದ್ದಿತ್ತು. ಯಾವಾಗ ಎದ್ದಿತೋ ಗೊತ್ತಿಲ್ಲ, ಮನೆ ಬದಲಿಸಿದಾಗ ಆಟೋದಲ್ಲಿ ಕುಲುಕಿಯೇ ಇರಬಹುದು. ಒಂದು ಮೂಲೆ ಎದ್ದರೆ ಸಾಕು, ಕೂಲರ್ ಒಂದು ಕಡೆಗೆ ವಾಲುತ್ತೆ, ಪ್ರೊಸೆಸರ್ ಮೇಲಿನ ಒತ್ತಡ ತಪ್ಪುತ್ತೆ, ಬಿಸಿ ದಾಟಿಸೋಕೆ ಹಚ್ಚಿದ ಪೇಸ್ಟ್ ಒಣಗಿ ನಡುವೆ ಗಾಳಿ ತುಂಬಿಕೊಳ್ಳುತ್ತೆ. ಮೇಲಿನಿಂದ ನೋಡಿದರೆ ಗೊತ್ತೂ ಆಗಲ್ಲ. ಫ್ಯಾನ್ ಜೋರಾಗಿ ತಿರುಗ್ತಾನೇ ಇರುತ್ತೆ, ಎಲ್ಲ ಸರಿ ಇದೆ ಅನ್ನಿಸುತ್ತೆ. ಒಂದೊಂದು ಪಿನ್ ಬೆರಳಿನಿಂದ ಮೆಲ್ಲಗೆ ಅಲುಗಾಡಿಸಿ ನೋಡಿದರೆ ಮಾತ್ರ ಸಿಕ್ಕಿಬೀಳುತ್ತೆ.

ಕೂಲರ್ ಒಮ್ಮೆ ಎತ್ತಿದಿರಿ ಅಂದರೆ ಪೇಸ್ಟ್ ಹೊಸದಾಗಿ ಹಾಕಲೇಬೇಕು, ಹಳೇದರ ಮೇಲೇ ಕೂರಿಸಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಎರಡೂ ಕಡೆ ಒರೆಸಿ, ನಡುವೆ ಒಂದು ತೊಗರಿ ಕಾಳಿನಷ್ಟು ಪೇಸ್ಟ್ ಇಡಿ ಸಾಕು, ಕೂಲರ್ ಒತ್ತಿದಾಗ ತಾನೇ ಹರಡುತ್ತೆ. ಪಿನ್‌ಗಳನ್ನ ಎದುರುಬದುರು ಮೂಲೆಯಂತೆ ಒತ್ತಿ: ಮೊದಲು ಒಂದು, ಆಮೇಲೆ ಅದರ ಕರ್ಣಕ್ಕಿರೋದು. ಪಿನ್ ತಲೆ ಮೇಲೆ ಬಾಣದ ಗುರುತು ಇರುತ್ತೆ. ಆ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತೆ, ಆದ್ದರಿಂದ ಕೂರಿಸುವಾಗ ಅದನ್ನ ಉಲ್ಟಾ ದಿಕ್ಕಿಗೆ ತಿರುಗಿಸಿಟ್ಟುಕೊಂಡಿರಬೇಕು. ಟಕ್ ಅಂತ ಶಬ್ದ ಬರಬೇಕು. ಆಮೇಲೆ ಬೋರ್ಡ್ ಹಿಂದೆ ಟಾರ್ಚ್ ಹಾಕಿ ನಾಲ್ಕೂ ಪಿನ್‌ಗಳ ಕಾಲು ಹೊರಗೆ ಬಂದು ಅಗಲಿಸಿವೆಯಾ ನೋಡಿ. ಆ ಹಿಂದಿನದನ್ನ ನೋಡದೆ ಕ್ಯಾಬಿನೆಟ್ ಮುಚ್ಚೋದೇ ಈ ಕೂಲರ್‌ಗಳ ಅರ್ಧ ತೊಂದರೆಗೆ ಮೂಲ ಅನ್ನೋದು ನನ್ನ ಅಭಿಪ್ರಾಯ.

ಧೂಳಿನ ವಿಷಯಕ್ಕೆ ಬಂದರೆ, ನಮ್ಮಲ್ಲಿ ಎರೆ ಮಣ್ಣಿನ ನುಣುಪು ಧೂಳು, ಬೇಸಿಗೆ ಗಾಳಿಗೆ ಕಿಟಕಿ ಮುಚ್ಚಿದ್ದರೂ ಒಳಗೆ ಬರುತ್ತೆ. ಕೂಲರ್‌ನ ಅಲ್ಯೂಮಿನಿಯಂ ಎಲೆಗಳ ನಡುವೆ ಮೆತ್ತಿಕೊಂಡರೆ ಕಂಬಳಿ ಹೊದಿಸಿಟ್ಟ ಲೆಕ್ಕ. ಪೇಂಟ್ ಬ್ರಷ್ ಮತ್ತು ಚಿಕ್ಕ ಬ್ಲೋವರ್ ಸಾಕು. ಊದುವಾಗ ಫ್ಯಾನ್ ತಿರುಗದ ಹಾಗೆ ಬೆರಳಿಟ್ಟು ಹಿಡಿದುಕೊಳ್ಳಿ. ಪಂಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸೋದು ಬೇಡ. ಆ ಕಂಪ್ರೆಸರ್ ಟ್ಯಾಂಕಿನಲ್ಲಿ ನೀರು ಇರುತ್ತೆ, ಎಣ್ಣೆ ಇರುತ್ತೆ, ಅದೂ ಗಾಳಿಯ ಜೊತೆ ಬೋರ್ಡ್ ಮೇಲೆ ಬೀಳುತ್ತೆ. ಇನ್ನು ಕ್ಯಾಬಿನೆಟ್ ಅನ್ನು ನೆಲದ ಮೇಲೆ ಇಡಬೇಡಿ. ಶಹಾಬಾದ್ ಕಲ್ಲಿನ ನೆಲ ತಣ್ಣಗಿರುತ್ತೆ ನಿಜ, ಆದರೆ ಕಸ ಗುಡಿಸುವಾಗ ಏಳೋ ಧೂಳೆಲ್ಲ ಮುಂದಿನ ಫ್ಯಾನ್ ಒಳಗೇ ಹೋಗುತ್ತೆ. ಒಂದು ಸ್ಟೂಲ್ ಮೇಲಿಡಿ.

ಪಿನ್ ಕೂರಿಸಿ, ಪೇಸ್ಟ್ ಹಾಕಿ, ಅದೇ 38 ಡಿಗ್ರಿ ಕೋಣೆಯಲ್ಲಿ ಓಡಿಸಿದಾಗ ಸಿಪಿಯು 84 ದಾಟಲಿಲ್ಲ. ಕ್ಲಾಕ್ 4 ಗಿಗಾಹರ್ಟ್ಸ್‌ನಲ್ಲಿ ಗಟ್ಟಿಯಾಗಿ ನಿಂತಿತು. ಅಲೆ ಹೋಯಿತು. ಖರ್ಚಾದದ್ದು ಪೇಸ್ಟ್ ಟ್ಯೂಬ್‌ನ ದುಡ್ಡು.

ಆದರೆ ಆ ಚಿಕ್ಕ ಝಟಕಾ ಹಾಗೇ ಉಳಿಯಿತು. ಕಾರು ನಿಧಾನ ಓಡಿಸಿದರೆ ಏನಿಲ್ಲ, ಜೋರಾಗಿ ಓಡಿಸಿ ಹೊಸ ಏರಿಯಾಕ್ಕೆ ನುಗ್ಗಿದರೆ ಫ್ರೇಮ್ ಟೈಮ್ ಗೆರೆ 100 ಮಿಲಿಸೆಕೆಂಡ್ ಮೇಲಕ್ಕೆ ಚಿಮ್ಮುತ್ತೆ. ಆ ಹೊತ್ತಿಗೆ ಬಿಸಿ ಸರಿ, ಕ್ಲಾಕ್ ಸರಿ, ವಿಡಿಯೊ ಮೆಮೊರಿ 6 ಜಿಬಿಯಲ್ಲಿ ಇನ್ನೂ ಜಾಗ ಇದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಬಳಕೆ ಶೇಕಡಾ 100. ವಿಂಡೋಸ್ ಎಸ್‌ಎಸ್‌ಡಿಯಲ್ಲಿತ್ತು (ತಿರುಗೋ ಭಾಗ ಇಲ್ಲದ ವೇಗದ ಡ್ರೈವ್), ನೂರು ಜಿಬಿಗೂ ಜಾಸ್ತಿ ಇರೋ ಗೇಮ್ ಮಾತ್ರ ಹಳೇ ತಿರುಗೋ ಹಾರ್ಡ್ ಡಿಸ್ಕ್‌ನಲ್ಲಿತ್ತು. ಈ ಥರ ದೊಡ್ಡ ಮ್ಯಾಪ್ ಇರೋ ಗೇಮ್‌ಗಳು ನೀವು ಓಡ್ತಾ ಇರುವಾಗಲೇ ಮುಂದಿನ ರಸ್ತೆ, ಕಟ್ಟಡ ಎಲ್ಲ ಡಿಸ್ಕ್‌ನಿಂದ ಎತ್ತಿ ತರ್ತಾ ಇರುತ್ತವೆ. ಅವು ಡಿಸ್ಕ್‌ನ ಬೇರೆ ಬೇರೆ ಮೂಲೆಯಲ್ಲಿ ಚಿಕ್ಕ ಚಿಕ್ಕ ತುಂಡಾಗಿರುತ್ತವೆ. ಹಾರ್ಡ್ ಡಿಸ್ಕ್‌ನ ಮುಳ್ಳು ಪ್ರತಿ ತುಂಡಿಗೂ ಜಾಗ ಹುಡುಕಿ ಸರಿಯಬೇಕು. ಕಾರು ಮುಂದೆ ಹೋಗಿರುತ್ತೆ, ರಸ್ತೆ ಇನ್ನೂ ಬಂದಿರಲ್ಲ. ಸೈಬರ್‌ಪಂಕ್ 2077 ಮಾಡಿದವರು 2023ರಲ್ಲಿ ಹಾರ್ಡ್ ಡಿಸ್ಕ್ ಬೆಂಬಲವನ್ನೇ ಕೈಬಿಟ್ಟು, ಕನಿಷ್ಠ ಬೇಡಿಕೆಯಲ್ಲೇ ಎಸ್‌ಎಸ್‌ಡಿ ಅಂತ ಬರೆದದ್ದು ಇದಕ್ಕೇ. ಸ್ಟೀಮ್‌ನಲ್ಲಿ ಗೇಮ್ ಅನ್ನು ಒಂದು ಡ್ರೈವ್‌ನಿಂದ ಇನ್ನೊಂದಕ್ಕೆ ಸರಿಸೋಕೆ ಮತ್ತೆ ಡೌನ್‌ಲೋಡ್ ಮಾಡಬೇಕಿಲ್ಲ. ಸ್ಟೋರೇಜ್ ಸೆಟ್ಟಿಂಗ್‌ಗೆ ಹೋಗಿ ಮೂವ್ ಒತ್ತಿದರೆ ಆಯಿತು. ಸರಿಸಿದೆ, ಝಟಕಾ ನಿಂತಿತು. ಹಾರ್ಡ್ ಡಿಸ್ಕ್ ಬಹಳ ಹಳೇದಾಗಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ. ಅಲ್ಲಿ ಹಳದಿ ಬಣ್ಣ ಬಂದರೆ ಗೇಮ್ ಬಿಡಿ, ಮದುವೆ ಫೋಟೋಗಳನ್ನ ಮೊದಲು ಬೇರೆ ಕಡೆ ಇಡಿ.

4 ಜಿಬಿ ಕಾರ್ಡ್ ಇರೋರಿಗೆ ಇದೇ ಥರದ ಝಟಕಾ ಬೇರೆ ಕಾರಣಕ್ಕೆ ಬರುತ್ತೆ. ವಿಡಿಯೊ ಮೆಮೊರಿ ತುಂಬಿದರೆ ಉಳಿದದ್ದನ್ನ ರ್‍ಯಾಮ್‌ನಿಂದ ಎಳೆದು ತರಬೇಕು. 1660 ಸೂಪರ್‌ನ ಸ್ವಂತ ಮೆಮೊರಿ ಸೆಕೆಂಡಿಗೆ 336 ಜಿಬಿ ಕೊಡುತ್ತೆ, ಕಾರ್ಡ್ ಕೂರೋ ಪಿಸಿಐಇ 3.0 ಸ್ಲಾಟ್ ಮೂಲಕ ಬಂದರೆ 16 ಜಿಬಿಯೂ ದಾಟಲ್ಲ. ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಒಂದು ಹಂತ ಇಳಿಸಿ, ಅಷ್ಟೇ. ಜಿಟಿಎ 5ರಲ್ಲಿ ಸೆಟ್ಟಿಂಗ್ ಪುಟದಲ್ಲೇ ಎಷ್ಟು ಮೆಮೊರಿ ಹಿಡಿಯುತ್ತೆ ಅಂತ ಪಟ್ಟಿ ತೋರಿಸುತ್ತೆ. ರ್‍ಯಾಮ್ ಒಂದೇ ಕಡ್ಡಿ ಇದ್ದವರು ಅದೇ ಅಳತೆಯ ಇನ್ನೊಂದು ಹಾಕಿಸಿದರೆ ಪ್ರೊಸೆಸರ್‌ಗೆ ಎರಡು ದಾರಿ ತೆರೆಯುತ್ತೆ. ನಾಲ್ಕು ಸ್ಲಾಟ್ ಇರೋ ಬೋರ್ಡ್ ಆದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇದು ಮತ್ತು ನಾಲ್ಕನೇದರಲ್ಲಿ ಹಾಕಬೇಕು. ಅಂಟಿಕೊಂಡ ಎರಡು ಸ್ಲಾಟ್‌ನಲ್ಲಿ ಹಾಕಿ ಕೊಟ್ಟ ಪಿಸಿಗಳು ಬೇಕಾದಷ್ಟಿವೆ.

ಕೆಲವು ಸಲಹೆಗಳನ್ನ ನಾನು ಕೈಯಲ್ಲೂ ಮುಟ್ಟೋದಿಲ್ಲ. ಗೇಮ್ ಬೂಸ್ಟರ್, ರ್‍ಯಾಮ್ ಕ್ಲೀನರ್, "ಈ ಒಂದು ರಿಜಿಸ್ಟ್ರಿ ಫೈಲ್ ಒತ್ತಿ, 200 ಎಫ್‌ಪಿಎಸ್ ಬರುತ್ತೆ" ಅನ್ನೋ ವಿಡಿಯೊಗಳು. ಖಾಲಿ ರ್‍ಯಾಮ್ ಇದ್ದರೆ ಲಾಭ ಏನಿಲ್ಲ, ವಿಂಡೋಸ್ ಅದನ್ನ ಬೇಕಂತಲೇ ತುಂಬಿಸಿಟ್ಟಿರುತ್ತೆ. ಪೇಜ್ ಫೈಲ್ (ಮೆಮೊರಿ ಸಾಲದಾಗ ವಿಂಡೋಸ್ ಡಿಸ್ಕ್‌ನಲ್ಲಿ ಬಳಸೋ ಜಾಗ) ಬಂದ್ ಮಾಡಿ ಅನ್ನೋರೂ ಇದ್ದಾರೆ, ಮಾಡಿದರೆ ದೊಡ್ಡ ಗೇಮ್ ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತೆ. ನಿಜಕ್ಕೂ ನೋಡಬೇಕಾದ್ದು ಕಡಿಮೆ: ಪವರ್ ಪ್ಲ್ಯಾನ್ ಪವರ್ ಸೇವರ್‌ನಲ್ಲಿ ಇಲ್ಲ ತಾನೇ, ಎಕ್ಸ್‌ಬಾಕ್ಸ್ ಗೇಮ್ ಬಾರ್ ಹಿಂದೆ ರೆಕಾರ್ಡ್ ಮಾಡ್ತಾ ಇಲ್ಲ ತಾನೇ, ಆಂಟಿವೈರಸ್ ಆಗಲೇ ಸ್ಕ್ಯಾನ್ ಶುರು ಮಾಡಿಲ್ಲ ತಾನೇ. ಡ್ರೈವರ್ ಬದಲಿಸಿದ ಮೇಲೆ ಕೆಟ್ಟಿದ್ದರೆ ಡಿಡಿಯು ಅನ್ನೋ ಡ್ರೈವರ್ ಅಳಿಸೋ ಪ್ರೋಗ್ರಾಂನಿಂದ ಸೇಫ್ ಮೋಡ್‌ನಲ್ಲಿ ಪೂರ್ತಿ ಅಳಿಸಿ, ಹಿಂದಿನ ಡ್ರೈವರ್ ಹಾಕಿ. ಹೊಸದೇ ಯಾವಾಗಲೂ ಒಳ್ಳೇದು ಅಂತೇನಿಲ್ಲ.

ಎಎಂಡಿಯ ರೈಜನ್ ಪ್ರೊಸೆಸರ್ ಇರೋರಿಗೆ ಒಂದು ಮಾತು. ಆಗಾಗ ಒಂದೆರಡು ಸೆಕೆಂಡ್ ಗೇಮ್ ನಿಂತು ಶಬ್ದವೂ ಹರಿದ ಹಾಗೆ ಬಂದರೆ ಅದು ಎಫ್‌ಟಿಪಿಎಂ (ಪಿಸಿಯ ಭದ್ರತೆಗೆ ಇರೋ ಒಂದು ವ್ಯವಸ್ಥೆ) ಇರಬಹುದು. ಇಂಥ ತೊಂದರೆ ಇದೆ ಅಂತ 2022ರಲ್ಲಿ ಎಎಂಡಿ ತಾನೇ ಒಪ್ಪಿಕೊಂಡಿತು, ಬಯಾಸ್ ಅಪ್‌ಡೇಟ್‌ನಿಂದ ಸರಿಯಾಗುತ್ತೆ. ಆದರೆ ಏಪ್ರಿಲ್, ಮೇ ಸಂಜೆ ಗಾಳಿ ಎದ್ದು ಮೋಡ ಕಟ್ಟಿದಾಗ ಬಯಾಸ್ ಅಪ್‌ಡೇಟ್‌ಗೆ ಕೂರಬೇಡಿ. ನಾಲ್ಕು ಹನಿ ಬೀಳೋದರೊಳಗೆ ಕರೆಂಟ್ ಹೋಗಿರುತ್ತೆ, ನಡುವೆ ಹೋದರೆ ಬೋರ್ಡೇ ಹೋದ ಹಾಗೆ. ಬ್ಯಾಟರಿ ಚೆನ್ನಾಗಿರೋ ಯುಪಿಎಸ್ ಇದ್ದರೆ ಮಾತ್ರ ಕೈ ಹಾಕಿ. ಹಾಗೇ ಹೊಸ ಗೇಮ್‌ಗಳಲ್ಲಿ, ಅದರಲ್ಲೂ ಅನ್‌ರಿಯಲ್ ಎಂಜಿನ್‌ನವುಗಳಲ್ಲಿ, ಯಾವುದೇ ಬೆಂಕಿ, ಸ್ಫೋಟ ಮೊದಲ ಸಲ ಕಂಡಾಗ ತಡವರಿಸಿ, ಎರಡನೇ ಸಲ ಅದೇ ಜಾಗದಲ್ಲಿ ಸರಾಗವಾಗಿ ಹೋದರೆ, ಅದು ಶೇಡರ್ (ಬೆಳಕು, ಬಣ್ಣ ಮೂಡಿಸೋ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗ್ತಾ, ಅಂದರೆ ತಯಾರಾಗ್ತಾ ಇರೋದು. ನಿಮ್ಮ ಪಿಸಿಗೆ ಏನೂ ಆಗಿಲ್ಲ. ಗೇಮ್ ಮೊದಲ ಸಲ ತೆರೆದಾಗ ಶೇಡರ್ ತಯಾರಾಗ್ತಿದೆ ಅಂತ ತೋರಿಸಿದರೆ ಬೇಸರ ಮಾಡಿಕೊಂಡು ತಪ್ಪಿಸಬೇಡಿ, ಒಂದು ಚಹಾ ಕುಡಿದು ಬನ್ನಿ.

ಅಕ್ಕನ ಮಗನದು ಲ್ಯಾಪ್‌ಟಾಪ್. "ಮಾಮಾ, ನಂದೂ ಅಟಕ್ ಅಟಕ್ ನಡಿಲಕತ್ತದ" ಅಂತ ಬೀದರ್‌ನಿಂದ ಫೋನ್ ಮಾಡಿದ. ಸರಿಯಾಗಿ ಎಷ್ಟು ಬರ್ತಾ ಇದೆ ಅಂದರೆ 30, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಹೀಗೆ ಕಟ್ಟಿಹಾಕಿದ ಹಾಗೆ ನಿಂತರೆ ಅದು ಬಿಸಿಯಲ್ಲ, ಯಾರೋ ಮಿತಿ ಹಾಕಿದ್ದಾರೆ. ಕೇಳಿದೆ, ಚಾರ್ಜರ್ ಹಾಕೀಯೇನಪ್ಪಾ ಅಂತ. ಕರೆಂಟ್ ಹೋಗಿತ್ತಂತೆ, ಬ್ಯಾಟರಿ ಮೇಲೆ ಆಡ್ತಿದ್ದನಂತೆ. ಎನ್‌ವಿಡಿಯಾದ ಬ್ಯಾಟರಿ ಬೂಸ್ಟ್ ಅನ್ನೋದು ಚಾರ್ಜರ್ ತೆಗೆದ ಕೂಡಲೇ 30ಕ್ಕೆ ಕಟ್ಟಿಹಾಕುತ್ತೆ. ಅದನ್ನ ಬಂದ್ ಮಾಡಿದರೂ ಪೂರ್ತಿ ವೇಗ ಬರಲ್ಲ, ಕಾರ್ಡ್ ಕೇಳೋವಷ್ಟು ಕರೆಂಟ್ ಬ್ಯಾಟರಿ ಕೊಡಲಾರದು. ಹಾಸಿಗೆ ಮೇಲಿಟ್ಟು ಆಡಬೇಡ, ಹಿಂದೆ ಎರಡು ಪುಸ್ತಕ ಕೊಟ್ಟು ಎತ್ತಿಡು ಅಂತ ಮಾತ್ರ ಸೇರಿಸಿದೆ. ಪುಸ್ತಕಕ್ಕೆ ಅದೊಂದಾದರೂ ಉಪಯೋಗ ಆಯ್ತು ಅಂತ ಅವರಮ್ಮ ಹಿಂದಿನಿಂದ ಕೂಗಿದ್ದು ಕೇಳಿಸಿತು.

ವೋಲ್ಟೇಜ್ ಬಗ್ಗೆಯೂ ಕೇಳ್ತಾರೆ. ಸಂಜೆ ಬಲ್ಬ್ ಮಂಕಾದಾಗ ಎಫ್‌ಪಿಎಸ್ ಬೀಳುತ್ತಾ ಅಂತ. ಇಲ್ಲ. ಒಳ್ಳೆ ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟ್‌ವರೆಗೆ ತಡೆದುಕೊಳ್ಳುತ್ತವೆ. ಅಗ್ಗದವು ತಡೆಯದೆ ಪಿಸಿ ರೀಸ್ಟಾರ್ಟ್ ಆಗಬಹುದು, ಇಲ್ಲಾ ಪೂರ್ತಿ ಬಂದ್ ಆಗಬಹುದು. ನಿಧಾನ ಮಾತ್ರ ಆಗೋದಿಲ್ಲ. ಸಂಜೆ ಎಫ್‌ಪಿಎಸ್ ಬೀಳ್ತಾ ಇದ್ದರೆ ಹಗಲೆಲ್ಲ ಕಾದ ಸ್ಲ್ಯಾಬ್ ಆಗ ಕೋಣೆಗೆ ಬಿಸಿ ಬಿಡ್ತಾ ಇರುತ್ತೆ, ಅದನ್ನ ಅನುಮಾನಿಸಿ.

ಈಗ ಬೇಸಿಗೆಗೆ ನಾನು ಬೇರೆ ಸೆಟ್ಟಿಂಗ್ ಇಟ್ಟಿದ್ದೇನೆ. ರಿವಾಟ್ಯೂನರ್‌ನಲ್ಲಿ ಫ್ರೇಮ್ ಮಿತಿ 60. ಆಫ್ಟರ್‌ಬರ್ನರ್‌ನಲ್ಲಿ ಕಾರ್ಡಿನ ಪವರ್ ಲಿಮಿಟ್ ಶೇಕಡಾ 80. 125 ವ್ಯಾಟ್ ಕಾರ್ಡ್ 100 ವ್ಯಾಟ್‌ಗೆ ನಿಲ್ಲುತ್ತೆ, ಕಣ್ಣಿಗೆ ವ್ಯತ್ಯಾಸ ಕಾಣೋದಿಲ್ಲ. ಪಿಸಿ ಎಳೆಯೋ ಪ್ರತಿ ವ್ಯಾಟ್ ಕೊನೆಗೆ ಬಿಸಿಯಾಗಿ ಅದೇ ಕೋಣೆಗೇ ಬರೋದು, ಆ ಕೋಣೆಯಲ್ಲಿ ನಾವೂ ಕೂತಿರ್ತೀವಿ. ಜಿಟಿಎ 5ರಲ್ಲಿ ಪಾಪ್ಯುಲೇಷನ್ ಡೆನ್ಸಿಟಿ (ರಸ್ತೆಯಲ್ಲಿ ಕಾಣೋ ಜನ, ವಾಹನ) ಅರ್ಧ, ಅದು ಪ್ರೊಸೆಸರ್ ಭಾರ. ದೂರದ್ದನ್ನ ವಿವರವಾಗಿ ತೋರಿಸೋ ಎಕ್ಸ್‌ಟೆಂಡೆಡ್ ಡಿಸ್ಟೆನ್ಸ್ ಸ್ಕೇಲಿಂಗ್ ಸೊನ್ನೆ. ಹುಲ್ಲು ಮತ್ತು ಎಂಎಸ್‌ಎಎ (ಅಂಚುಗಳನ್ನ ನಯ ಮಾಡೋದು) ಇಳಿಸಿದರೆ ಕಾರ್ಡ್ ಉಸಿರಾಡುತ್ತೆ. ಟೆಕ್ಸ್ಚರ್ ಇಳಿಸಲ್ಲ, ಮೆಮೊರಿ ಇದ್ದರೆ ಅದರಿಂದ ಎಫ್‌ಪಿಎಸ್‌ಗೆ ಹೊರೆ ಏನಿಲ್ಲ.

ಕೋಣೆ ತಣ್ಣಗೆ ಮಾಡೋ ನೀರಿನ ಕೂಲರ್ ಅನ್ನು ಕ್ಯಾಬಿನೆಟ್ ಕಡೆ ತಿರುಗಿಸಬಹುದಾ ಅಂತ ಕೇಳೋರಿಗೆ: ನೇರವಾಗಿ ಬೇಡ, ಹನಿ ಹಾರಿ ಬರುತ್ತೆ. ಕೋಣೆ ತಣ್ಣಗಾದರೆ ಸಾಕು, ಎದುರಿನ ಕಿಟಕಿ ಅರ್ಧ ತೆರೆದಿಡಿ. ಮೇ ತಿಂಗಳ ಒಣ ಗಾಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತೆ. ಜುಲೈಗೆ ಗಾಳಿಯಲ್ಲಿ ತೇವ ತುಂಬಿದ ಮೇಲೆ ಬರೀ ಫ್ಯಾನ್ ಹಾಕಿಕೊಂಡರೂ ನಡೆಯುತ್ತೆ, ಆಗ ಫ್ರೇಮ್ ಮಿತಿಯನ್ನ 75ಕ್ಕೆ ಏರಿಸ್ತೀನಿ, ನನ್ನ ಮಾನಿಟರ್ ತೋರಿಸೋದೇ ಅಷ್ಟು.